ಚೀಲ ಹಗುರ, ಕೊಡ ಭಾರ

ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆ. ತೂಗಿದ ಬೀನ್ಸನ್ನು ತಟ್ಟೆಯಲ್ಲೇ ಹಿಡಿದುಕೊಂಡು ಅಂಗಡಿಯವನು ಕೇಳುತ್ತಾನೆ: "ಕವರ್ ಕೊಡ್ಲಾ ಅಕ್ಕ?" "ಬೇಡಪ್ಪ, ಚೀಲ ತಂದಿದೀನಿ" ಎನ್ನುತ್ತಾ ಆಕೆ, ಯಾವುದೋ ಮದುವೆಯ ವಧೂವರರ ಹೆಸರು ಅಚ್ಚಾದ ತಾಂಬೂಲದ ಚೀಲವನ್ನು ಬಿಡಿಸಿ ಒಡ್ಡುತ್ತಾಳೆ. ಈ ಕಡೆಯ ಮನೆಗಳಲ್ಲಿ ಅಡುಗೆಮನೆ ಬಾಗಿಲ ಹಿಂದೆ ಇಂಥ ಚೀಲಗಳ ಗೊಂಚಲೇ ನೇತಾಡುತ್ತಿರುತ್ತದೆ. ಕವರ್ ಬೇಡವೆಂದಾಗ ಭೂಮಿಗೆ ಏನೋ ಒಳ್ಳೆಯದಾಯಿತೆಂಬ ಸಮಾಧಾನ ಸುಳ್ಳೇನಲ್ಲ. ಆದರೆ ಎಷ್ಟು ಒಳ್ಳೆಯದಾಯಿತು ಎಂದು ಲೆಕ್ಕಕ್ಕೆ ಕೂತರೆ ಅಂಕಿಗಳು ಬೇರೆಯೇ ಕತೆ ಹೇಳುತ್ತವೆ.

ಒಂದು ಕೆ.ಜಿ. ಹತ್ತಿ ಬಟ್ಟೆಯ ಹಿಂದೆ, ಹೊಲದಿಂದ ಬಣ್ಣದ ತೊಟ್ಟಿಯವರೆಗೆ, ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಖರ್ಚಾಗಿರುತ್ತದೆ. 100 ಗ್ರಾಂ ತೂಗುವ ಗಟ್ಟಿ ಚೀಲಕ್ಕೆ 1,000 ಲೀಟರ್. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿದಂತೆ, ಒಂದೇ ಸಲ ಬಳಸಿ ಬಿಸಾಡುವ ತೆಳು ಕವರಿಗಿಂತ ಹವಾಮಾನಕ್ಕೆ ಹಗುರವಾಗಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಕವರನ್ನು ಬಿಸಾಡದೆ ಕಸದ ಬುಟ್ಟಿಗೆ ಹಾಸಿ ಇನ್ನೊಮ್ಮೆ ದುಡಿಸಿಕೊಂಡರೆ 327 ಸಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ತನ್ನ ದೇಶದ ಕವರುಗಳಿಗೆ ಹೋಲಿಸಿ ಇದೇ ಪ್ರಶ್ನೆ ಕೇಳಿತು. ಹವಾಮಾನವೊಂದನ್ನೇ ನೋಡಿದರೆ 52 ಸಲ ಸಾಕು ಎಂದಿತು. ನೀರು, ಓಜೋನ್ ಮುಂತಾದ ಎಲ್ಲ ಬಗೆಯ ಹಾನಿಯನ್ನೂ ಸರಿಗಟ್ಟಲು 7,100 ಸಲ ಎಂದಿತು. ವಾರಕ್ಕೊಂದು ಸಲ ತರಕಾರಿಗೆ ಹೋಗುವವರಿಗೆ 327 ಸಲವೆಂದರೆ ಆರು ವರ್ಷ ದಾಟುತ್ತದೆ. 7,100 ಸಲವೆಂದರೆ 136 ವರ್ಷ. ಚೀಲದ ಮೇಲೆ ಹೆಸರಿರುವ ದಂಪತಿಯ ಮರಿಮಕ್ಕಳ ಮದುವೆಯ ತರಕಾರಿಯೂ ಅದರಲ್ಲೇ ಬರಬೇಕು!

500 ಜನ ಬಂದ ಮದುವೆಯಲ್ಲಿ 500 ಚೀಲ ಹಂಚಿದರು ಎನ್ನೋಣ. ಬ್ರಿಟನ್ನಿನ ಕಡಿಮೆ ಲೆಕ್ಕವನ್ನೇ ಹಿಡಿದರೂ ಆ ಒಂದು ಮದುವೆಯ ಚೀಲಗಳು ತಮ್ಮ ಸಾಲ ತೀರಿಸಲು ಎಲ್ಲ ಸೇರಿ 65,500 ಸಲ ಮಾರುಕಟ್ಟೆಗೆ ಹೋಗಿಬರಬೇಕು. ಬಾಗಿಲ ಹಿಂದೆ ನೇತಾಡುವ ಚೀಲ ಸಾಲ ತೀರಿಸುವುದಿಲ್ಲ. ಅವುಗಳಲ್ಲಿ ಎಷ್ಟೋ ಚೀಲಗಳು ಬಟ್ಟೆಯೂ ಅಲ್ಲ. ಈಗ ಎಲ್ಲೆಲ್ಲೂ ಸಿಗುವ ನಾನ್‌ವೋವನ್ ಚೀಲ ಮುಟ್ಟಲು ಬಟ್ಟೆ, ಮೂಲದಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್.

ಹಾಗಾದರೆ ನಾವು ಇಷ್ಟು ಹೆದರುವ ಕವರಿನ ಪಾಪವೆಷ್ಟು? ಒಂದು ಸಾಧಾರಣ ಕವರಿನ ತೂಕ ಸುಮಾರು 5 ಗ್ರಾಂ. ಎಳ್ಳಷ್ಟೂ ಲಕ್ಷ್ಯವಿಲ್ಲದ ಸಂಸಾರವೊಂದು ದಿನಕ್ಕೆ ಐದು ಕವರ್ ತರುತ್ತದೆ ಎಂದುಕೊಳ್ಳಿ. ವರ್ಷಕ್ಕೆ 9 ಕೆ.ಜಿ. ಅಷ್ಟು ಪ್ಲಾಸ್ಟಿಕ್ ತಯಾರಾಗುವಾಗ ಸುಮಾರು 25 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆ.ಜಿ. ಬರುವುದರಿಂದ, ಇಡೀ ವರ್ಷದ ಕವರುಗಳು 11 ಲೀಟರ್ ಪೆಟ್ರೋಲಿಗೆ ಸಮ. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸ್ಕೂಟರಿನಲ್ಲಿ ಹೋಗಿಬರುವವರು ಅಷ್ಟು ಪೆಟ್ರೋಲನ್ನು ಮೂರೇ ವಾರದಲ್ಲಿ ಸುಡುತ್ತಾರೆ.

ಇನ್ನೊಂದು ಲೆಕ್ಕ ಹೇಳಲು ಸ್ವಲ್ಪ ಸಂಕೋಚ. ಜಯನಗರ, ಜೆ.ಪಿ. ನಗರದ ಎಷ್ಟೋ ಮನೆಗಳಲ್ಲಿ ಮಕ್ಕಳು ಅಮೆರಿಕದಲ್ಲಿದ್ದಾರೆ; ಸೊಸೆಯ ಬಾಣಂತನಕ್ಕೋ ಮೊಮ್ಮಗುವಿನ ಹುಟ್ಟುಹಬ್ಬಕ್ಕೋ ಅಜ್ಜಿ ತಾತ ಹೋಗಿಬರುತ್ತಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಹೆಚ್ಚುಕಡಿಮೆ 14,000 ಕಿ.ಮೀ. ಹೋಗಿಬಂದರೆ ತಲೆಗೆ ಎರಡು ಟನ್ ಇಂಗಾಲದ ಡೈಆಕ್ಸೈಡ್‌ಗೆ ಕಡಿಮೆಯಿಲ್ಲ. ಸರಾಸರಿ ಭಾರತೀಯನೊಬ್ಬ ಇಡೀ ವರ್ಷ ಬದುಕಲು ಹೊರಹಾಕುವುದೂ ಹತ್ತಿರಹತ್ತಿರ ಅಷ್ಟೇ. ಕವರಿನ ಲೆಕ್ಕದಲ್ಲಿ ಹೇಳುವುದಾದರೆ, ಆ ಸಂಸಾರ 80 ವರ್ಷ ಪ್ರತಿದಿನ ಐದೈದು ಕವರ್ ಬೇಡವೆಂದು ಉಳಿಸಿದ್ದು ಒಬ್ಬರ ಒಂದೇ ಪ್ರವಾಸದಲ್ಲಿ ಮುಗಿಯಿತು. ಮೊಮ್ಮಗುವನ್ನು ನೋಡಬೇಡಿ ಎಂದು ಹೇಳಲು ಯಾರಿಗೂ ಬಾಯಿ ಬಾರದು. ಬಾಯಿ ಬಾರದ ಕಡೆಯೇ ಭಾರ ಕೂತಿದೆ ಎಂಬುದನ್ನಾದರೂ ತಿಳಿದಿರಬೇಕು.

ಇಷ್ಟಾದ ಮೇಲೆ ಕವರ್ ನಿರಪರಾಧಿಯೇ? ಅಲ್ಲ. ಅದರ ಅಪರಾಧವನ್ನು ಇಂಗಾಲದಲ್ಲಿ ಅಳೆಯಬಾರದು, ಅಷ್ಟೆ. ಆಡುಗೋಡಿಯಲ್ಲೋ ಬಿ.ಟಿ.ಎಂ. ಲೇಔಟಿನಲ್ಲೋ ಅರ್ಧ ಗಂಟೆಯ ಮಳೆಗೆ ರಸ್ತೆ ಹೊಳೆಯಾಗುವಾಗ, ಚರಂಡಿಯ ಬಾಯಿಗೆ ಅಡ್ಡ ಕೂತಿರುವುದು ಈ ಐದು ಗ್ರಾಮಿನ ವಸ್ತು. ಹಸುವಿನ ಹೊಟ್ಟೆಯಲ್ಲಿ ಉಂಡೆಗಟ್ಟುವುದೂ ಇದೇ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದ್ದಕ್ಕೆ ಇಷ್ಟು ಕಾರಣ ಸಾಕು. ಒಂದೊಂದು ಚಿಂತೆಗೆ ಒಂದೊಂದು ಅಳತೆಗೋಲಿದೆ. ಚರಂಡಿಯ ಸಮಸ್ಯೆಯನ್ನು ಬಗೆಹರಿಸಿ ಭೂಮಿಯ ಜ್ವರ ಇಳಿಸಿದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಈಗ ನಿಜವಾದ ಭಾರಕ್ಕೆ ಬರೋಣ. ಅದು ಬಚ್ಚಲುಮನೆಯಲ್ಲಿದೆ.

ಬೆಂಗಳೂರಿನ ಕಾವೇರಿ ನೀರು ಬರುವುದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ದೂರ ಸುಮಾರು 100 ಕಿ.ಮೀ. ನದಿ ಕೆಳಗಿದೆ, ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿನ ದಿಬ್ಬದಲ್ಲಿದೆ. ಹಾಗಾಗಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪು ಹಚ್ಚಿ, ನೀರನ್ನು ಒಟ್ಟು ಅರ್ಧ ಕಿಲೋಮೀಟರಿನಷ್ಟು ಮೇಲೆತ್ತಬೇಕು. ಮೈಸೂರಿನ ನೆಲದಿಂದ ಚಾಮುಂಡಿ ಬೆಟ್ಟದ ತುದಿಗೆ ಸುಮಾರು 300 ಮೀಟರ್. ನಮ್ಮ ನಲ್ಲಿಯ ನೀರು ಅದಕ್ಕಿಂತ ಒಂದೂವರೆ ಪಟ್ಟು ಎತ್ತರ ಹತ್ತಿ ಬಂದಿರುತ್ತದೆ. 1974ರಲ್ಲಿ ಮೊದಲ ಹಂತ ಶುರುವಾಯಿತು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸೇರಿಸಿತು. ಎಲ್ಲ ಹಂತಗಳೂ ಪೂರ್ತಿ ದುಡಿದರೆ ದಿನಕ್ಕೆ 222 ಕೋಟಿ ಲೀಟರ್ ದಾಟುತ್ತದೆ. ವರ್ಷಕ್ಕೆ 28 ಟಿ.ಎಂ.ಸಿ.ಗೂ ಹೆಚ್ಚು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಹಿಡಿಯುವುದು 49 ಟಿ.ಎಂ.ಸಿ. ಚಿಲ್ಲರೆ. ಅಂದರೆ ಈ ಒಂದು ಊರು ವರ್ಷಕ್ಕೆ ಅರ್ಧ ಕನ್ನಂಬಾಡಿಗಿಂತ ಹೆಚ್ಚು ಕುಡಿಯುವ ವ್ಯವಸ್ಥೆ ಮಾಡಿಕೊಂಡಿದೆ.

1,000 ಲೀಟರ್ ನೀರಿನ ತೂಕ ಒಂದು ಟನ್. ಅದನ್ನು 500 ಮೀಟರ್ ಎತ್ತಲು ಭೌತಶಾಸ್ತ್ರ ಕೇಳುವುದು 1.36 ಯೂನಿಟ್ ವಿದ್ಯುತ್. ಪಂಪಿನ ನಷ್ಟ, ಕೊಳವೆಯೊಳಗಿನ ತಿಕ್ಕಾಟ ಸೇರಿಸಿ 2 ಯೂನಿಟ್ ಎಂದು ಹಿಡಿಯೋಣ. ಆಗ 20 ಲೀಟರಿನ ಒಂದು ಬಕೆಟ್ ನೀರಿನಲ್ಲಿ, ಒಂಬತ್ತು ವಾಟಿನ ಎಲ್‌ಇಡಿ ಬಲ್ಬನ್ನು ನಾಲ್ಕು ಗಂಟೆಗೂ ಹೆಚ್ಚು ಉರಿಸುವಷ್ಟು ವಿದ್ಯುತ್ ಅಡಗಿದೆ. ನಡುಮನೆಯಿಂದ ಎದ್ದು ಬರುವಾಗ ದೀಪ ಆರಿಸುವವರು ಬಚ್ಚಲಲ್ಲಿ ಬಕೆಟ್ ತುಂಬಿ ಹರಿಯುವುದನ್ನು ನೋಡಿಯೂ ಸುಮ್ಮನಿರುತ್ತಾರೆ. ಊರಿನ ಲೆಕ್ಕ ಇನ್ನೂ ದೊಡ್ಡದು: ದಿನಕ್ಕೆ 44 ಲಕ್ಷ ಯೂನಿಟ್. ದಿನಕ್ಕೆ ಐದು ಯೂನಿಟ್ ಬಳಸುವ ಎಂಟೂಮುಕ್ಕಾಲು ಲಕ್ಷ ಮನೆಗಳ ವಿದ್ಯುತ್ ಅದು, ನೀರನ್ನು ಬರೀ ಮೇಲೆತ್ತುವುದಕ್ಕೆ.

ನಾಲ್ಕು ಜನರ ಸಂಸಾರಕ್ಕೆ ಸರ್ಕಾರಿ ಮಾನದಂಡದಂತೆ ತಲೆಗೆ 135ರ ಹಾಗೆ ದಿನಕ್ಕೆ 540 ಲೀಟರ್ ಬೇಕು. ಅದನ್ನು ಮನೆಯ ಸಂಪಿಗೆ ತಲುಪಿಸಲು ವರ್ಷಕ್ಕೆ ಸುಮಾರು 390 ಯೂನಿಟ್. ದೇಶದ ಗ್ರಿಡ್ಡಿನ ಸರಾಸರಿಯಲ್ಲಿ ಯೂನಿಟ್ಟಿಗೆ 0.7 ಕೆ.ಜಿ.ಯಂತೆ 270 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅದೇ ಸಂಸಾರದ ವರ್ಷದ ಕವರುಗಳ ಹನ್ನೊಂದು ಪಟ್ಟು. ಚೀಲ ಕಣ್ಣಿಗೆ ಕಾಣುತ್ತದೆ, ಪಂಪು ಹಾರೋಹಳ್ಳಿಯಲ್ಲಿದೆ.

ನೀರನ್ನು ಎತ್ತುವುದಕ್ಕಿಂತ ಕಾಯಿಸುವುದು ಇನ್ನೂ ದುಬಾರಿ. ಒಂದು ಬಕೆಟ್ ನೀರನ್ನು 20 ಡಿಗ್ರಿ ಬೆಚ್ಚಗೆ ಮಾಡಲು ಗೀಸರಿಗೆ ಅರ್ಧ ಯೂನಿಟ್ಟಿನ ಹತ್ತಿರ ಬೇಕು. ಅದೇ ಬಕೆಟ್ಟು ಕಾವೇರಿಯಿಂದ ಬರಲು ತಿಂದದ್ದರ ಹನ್ನೆರಡು ಪಟ್ಟು. ಹತ್ತು ನಿಮಿಷ ಶವರ್ ಕೆಳಗೆ ನಿಂತರೆ ನಾಲ್ಕೈದು ಬಕೆಟ್. ಇಲ್ಲಿ ದಕ್ಷಿಣ ಬೆಂಗಳೂರಿನ ತಾರಸಿಗಳನ್ನು ಮೆಚ್ಚಲೇಬೇಕು. ಯಾವ ಅಡ್ಡರಸ್ತೆಯಲ್ಲಿ ತಲೆ ಎತ್ತಿ ನೋಡಿದರೂ ಸೋಲಾರ್ ವಾಟರ್ ಹೀಟರ್. ಕಟ್ಟಡಕ್ಕೆ ಕಡ್ಡಾಯ ಮಾಡಿದ ನಿಯಮ, ಬೆಸ್ಕಾಂ ಬಿಲ್ಲಿನಲ್ಲಿ ಕೊಟ್ಟ ರಿಯಾಯಿತಿ ಎರಡೂ ಸೇರಿ ಆದ ಕೆಲಸ ಅದು.

ಸೋಲಾರಿನ ಮೇಲೆ ಒಂದು ದೂರಿದೆ: ಮೂರನೇ ಮಹಡಿಯ ಮೇಲಿನ ಟ್ಯಾಂಕಿನಿಂದ ಬಿಸಿನೀರು ಕೆಳಮನೆಗೆ ಇಳಿಯುವಷ್ಟರಲ್ಲಿ ಕೊಳವೆಯಲ್ಲಿರುವ ತಣ್ಣೀರೆಲ್ಲ ಮೋರಿ ಪಾಲು. ಅದನ್ನೂ ಅಳೆಯೋಣ. ಒಂದಿಂಚಿನ 15 ಮೀಟರ್ ಕೊಳವೆಯಲ್ಲಿ ಏಳು ಲೀಟರ್ ಚಿಲ್ಲರೆ ಹಿಡಿಯುತ್ತದೆ. ಅದನ್ನು ಕಾವೇರಿಯಿಂದ ತರಲು ತಗಲಿದ್ದು 15 ವಾಟ್ ಗಂಟೆ. ಸೂರ್ಯ ಉಳಿಸಿಕೊಟ್ಟದ್ದು ಒಂದು ಬಕೆಟ್ಟಿಗೆ 465. ಮೂವತ್ತು ಪಟ್ಟು ಲಾಭ! ಕೆಳಗೆ ಇನ್ನೊಂದು ಬಕೆಟ್ ಇಟ್ಟುಕೊಂಡರೆ ಆ ನೀರೂ ನೆಲ ಒರೆಸಲು ಒದಗುತ್ತದೆ. ಕೆಲವು ಹಸಿರು ಉಪಾಯಗಳನ್ನು ಅಂಕಿಗಳು ಹೀಗೆ ಸಮರ್ಥಿಸುತ್ತವೆ ಕೂಡ.

ಅಡುಗೆಮನೆಯ ಆರ್‌ಒ ಫಿಲ್ಟರಿಗೆ ಆ ಭಾಗ್ಯವಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಚೆಲ್ಲುವ ಯಂತ್ರ ಅದು. ಕುಡಿಯಲು, ಅಡುಗೆಗೆ ದಿನಕ್ಕೆ 15 ಲೀಟರ್ ಎಂದರೆ 45 ಲೀಟರ್ ಸಿಂಕಿನ ಪಾಲು. ವರ್ಷಕ್ಕೆ 16,000 ಲೀಟರ್ ಮೀರುತ್ತದೆ. ಆರು ಸಾವಿರ ಲೀಟರಿನ ಎರಡೂಮುಕ್ಕಾಲು ಟ್ಯಾಂಕರ್. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ತಡೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಕಾವೇರಿ ನೀರಿನ ಲವಣ ಆ ಗೆರೆಗಿಂತ ಬಹಳ ಕೆಳಗಿದೆ. ಗಡಸು ಬೋರ್‌ವೆಲ್ ನೀರು ಕುಡಿಯುವ ಮನೆಗೆ ಆರ್‌ಒ ಬೇಕಾಗಬಹುದು. ಬರೀ ಕಾವೇರಿ ಬರುವ ಮನೆಯಲ್ಲಿ ಅದು, ನೂರು ಕಿಲೋಮೀಟರ್ ದೂರದಿಂದ ಏರಿಸಿ ತಂದ ನೀರಿನ ಮುಕ್ಕಾಲು ಪಾಲನ್ನು ಸಿಂಕಿನ ತೂತಿಗೆ ಬಿಡುವ ಏರ್ಪಾಡು.

"ನೀರಿಗೆ ಚಿಂತೆ ಯಾಕೆ, ಮಳೆಕೊಯ್ಲು ಮಾಡಿದರಾಯಿತು" ಎಂಬ ಮಾತು 2024ರ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಜಯನಗರ ಐದನೇ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನವೇ ಇದೆ. ದೊಡ್ಡ ನಿವೇಶನಗಳಿಗೆ ಜಲಮಂಡಲಿ 2009ರಲ್ಲಿ ಇದನ್ನು ಕಡ್ಡಾಯವೂ ಮಾಡಿತು. 30×40ರ ಸೈಟಿನಲ್ಲಿ ಸಾವಿರ ಚದರಡಿ ತಾರಸಿ ಇದೆ ಎನ್ನಿ. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ನೂರಕ್ಕೆ ಎಂಬತ್ತು ಕೈಗೆ ಸಿಕ್ಕರೆ 72,000 ಲೀಟರ್. ಸಂಸಾರದ ವರ್ಷದ ಅಗತ್ಯ 1,97,000. ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಚೆನ್ನಾಗಿಯೇ ಇದೆ, ಆದರೆ ಮಳೆ ನಮ್ಮ ಅನುಕೂಲ ನೋಡಿ ಬರುವುದಿಲ್ಲ. 2024ರ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು, ಆ ತಾರಸಿಯಿಂದ ಎಂಟು ಸಾವಿರ ಲೀಟರಿಗೂ ಹೆಚ್ಚು. ಎಂಟು ಸಾವಿರ ಲೀಟರಿನ ಸಂಪು ಒಂದೇ ದಿನಕ್ಕೆ ಭರ್ತಿ, ಹದಿನೈದು ದಿನಕ್ಕೆ ಖಾಲಿ. ಫೆಬ್ರುವರಿ ಮಾರ್ಚಿಗೆ ಒಂದು ಹನಿಯೂ ಉಳಿದಿರದು.

ಊರಿನ ಅಳತೆಯಲ್ಲಿ ಈ ಲೆಕ್ಕ ಇನ್ನಷ್ಟು ಬೆಚ್ಚಿಬೀಳಿಸುತ್ತದೆ. ನಗರದ ವಿಸ್ತೀರ್ಣ 700 ಚದರ ಕಿ.ಮೀ. ಮೀರುತ್ತದೆ. ಅದರ ತಾರಸಿ, ರಸ್ತೆ, ಪಾರ್ಕು, ಕೆರೆ ಒಂದನ್ನೂ ಬಿಡದೆ ವರ್ಷವಿಡೀ ಬೀಳುವ ಮಳೆಯನ್ನೆಲ್ಲ ಹನಿ ಸೋರದಂತೆ ಹಿಡಿದರೂ 24–25 ಟಿ.ಎಂ.ಸಿ. ಕಾವೇರಿಯ ಐದೂ ಹಂತಗಳ ಸಾಮರ್ಥ್ಯ ಅದಕ್ಕಿಂತ ಹೆಚ್ಚು. ಈ ಊರು ತನ್ನ ಆಕಾಶ ಕೊಡುವುದಕ್ಕಿಂತ ಹೆಚ್ಚು ನೀರನ್ನು ಬೇರೆ ಕಡೆಯಿಂದ ಎತ್ತಿ ತರುವ ಏರ್ಪಾಡು ಮಾಡಿಕೊಂಡಿದೆ!

ಹಾಗಾದರೆ ಮಳೆಕೊಯ್ಲು ವ್ಯರ್ಥವೇ? ಸಂಪಿನಲ್ಲಿ ಕೂಡಿಡುವ ಆಸೆ ಬಿಟ್ಟು ನೆಲಕ್ಕೆ ಇಳಿಸಿದರೆ ಅಲ್ಲ. ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿ ಒಮ್ಮೆ ತುಂಬಿದರೆ 4,000 ಲೀಟರ್. ತಲೆತಲಾಂತರದಿಂದ ಬಾವಿ ತೋಡುವ ಮಣ್ಣು ಒಡ್ಡರ ಕೈಯಲ್ಲಿ ಇಂಥ ಹತ್ತು ಲಕ್ಷ ಬಾವಿ ತೋಡಿಸಬೇಕೆಂಬ ಅಭಿಯಾನ ಬೆಂಗಳೂರಿನಲ್ಲಿ ನಡೆಯುತ್ತಿದೆ. ಹತ್ತು ಲಕ್ಷ ಬಾವಿ ಒಂದು ಸಲ ತುಂಬಿದರೆ 400 ಕೋಟಿ ಲೀಟರ್. ಕಾವೇರಿಯ ಎರಡು ದಿನದ ಪೂರೈಕೆಗೂ ಸಾಲದು. ಆದರೆ ಒಂದು ಮಳೆಗಾಲದಲ್ಲಿ ಇಪ್ಪತ್ತು ಸಲ ತುಂಬಿ ಇಂಗಿದರೆ ಮೂವತ್ತಾರು ದಿನದ ನೀರು. ಒಂದು ತೊಡಕು ಏನೆಂದರೆ, ನಿಮ್ಮ ಅಂಗಳದಲ್ಲಿ ಇಂಗಿದ ನೀರು ನಿಮ್ಮ ಬೋರ್‌ವೆಲ್ಲಿಗೇ ಬರಬೇಕೆಂದಿಲ್ಲ. ಪಕ್ಕದ ಬೀದಿಯವರು ಎತ್ತಿಕೊಳ್ಳಬಹುದು. ಇಡೀ ಬಡಾವಣೆ ಮಾಡಿದರೆ ಎಲ್ಲರಿಗೂ ಲಾಭ, ಒಬ್ಬರೇ ಮಾಡಿದರೆ ದಾನ.

ಮರಗಳ ಲೆಕ್ಕವೂ ಹೀಗೇ ತಿರುಗುತ್ತದೆ. ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎನ್ನುತ್ತಾರೆ. ಒಂಬತ್ತು ಲೀಟರ್ ಪೆಟ್ರೋಲಿನಷ್ಟು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಂದಾಜಿನಂತೆ ನಗರದಲ್ಲಿ 14.78 ಲಕ್ಷ ಮರಗಳಿದ್ದವು. ಏಳು ಜನಕ್ಕೆ ಒಂದು. ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಒಂದೊಂದು ವಾಹನ ದಿನಕ್ಕೆ ಬರೀ ಅರ್ಧ ಲೀಟರ್ ಸುಡುತ್ತದೆ ಎಂದಿಟ್ಟುಕೊಂಡರೂ, ಊರಿನ ಅಷ್ಟೂ ಮರಗಳ ವರ್ಷದ ದುಡಿಮೆಯನ್ನು ರಸ್ತೆ ಮೂರು ದಿನದೊಳಗೆ ಅಳಿಸಿಹಾಕುತ್ತದೆ. ವನಮಹೋತ್ಸವಕ್ಕೆ ಒಂದು ಸಸಿ ನೆಟ್ಟು ಕಾರಿನ ಪಾಪ ತೊಳೆದೆ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಜಯನಗರದ ಸಾಲುಮರಗಳಿಗೆ ಬೇರೊಂದು ಅಳತೆಯಿದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದಂತೆ, ಮರವಿರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೂ, ಡಾಂಬರಿನ ಮೈ 27.5 ಡಿಗ್ರಿಯವರೆಗೂ ತಂಪು. ಈ ಕೆಲಸವನ್ನು ಇನ್ಯಾವ ಯಂತ್ರವೂ ಮಾಡದು, ಇವತ್ತು ನೆಟ್ಟ ಸಸಿಯೂ ಮಾಡದು. ನೂರು ಸಸಿಯ ಭರವಸೆ ಕೊಟ್ಟು ಒಂದು ಹಳೆಯ ಮರ ಕಡಿಯುವ ವ್ಯಾಪಾರ ಅದಕ್ಕೇ ನಷ್ಟದ್ದು.

ಎಲೆಕ್ಟ್ರಿಕ್ ಸ್ಕೂಟರ್? ನೂರು ಕಿ.ಮೀ.ಗೆ ಪೆಟ್ರೋಲ್ ಸ್ಕೂಟರ್ ಹೊರಬಿಡುವುದು 5 ಕೆ.ಜಿ.; ಇಂದಿನ ಗ್ರಿಡ್ಡಿನಲ್ಲಿ ಎಲೆಕ್ಟ್ರಿಕ್ಕಿನ ಪಾಲು ಅದರ ಅರ್ಧ. ಅರ್ಧವೂ ಸಣ್ಣದಲ್ಲ, ಆದರೆ ಸಿಲ್ಕ್ ಬೋರ್ಡಿನಲ್ಲಿ ಅದಕ್ಕೂ ಬೇಕಾದ ಜಾಗ ಅಷ್ಟೇ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ. ಉದ್ದದ ಹಳದಿ ಮಾರ್ಗ ತೆರೆಯಿತು. ಆರು ಬೋಗಿಯ ಒಂದು ರೈಲಿನಲ್ಲಿ ಒಂದೂವರೆ ಸಾವಿರ ಜನ ಹೋಗಬಹುದು. ಅಷ್ಟೂ ಜನ ಒಬ್ಬೊಬ್ಬರೇ ಸ್ಕೂಟರ್ ಏರಿ ಒಂದರ ಹಿಂದೊಂದು ತಾಗಿ ನಿಂತರೆ, ಪೆಟ್ರೋಲಿನದಾಗಲಿ ವಿದ್ಯುತ್ತಿನದಾಗಲಿ, ಸಾಲು ಎರಡೂವರೆ ಕಿ.ಮೀ. ದಾಟುತ್ತದೆ.

ಬಳಸಿದ ನೀರಿನ ದಾರಿಯನ್ನೂ ನೋಡಬೇಕು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಕೊಳಚೆಯಾಗಿ ಹೊರಗೆ ಹೋಗುತ್ತದೆ. ಬಸವನಗುಡಿಯ ದಿಬ್ಬದಿಂದ ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿ ಹಿಡಿದು ಅರ್ಕಾವತಿಯ ಮೂಲಕ ಮತ್ತೆ ಕಾವೇರಿಗೆ. ಪೂರ್ವಕ್ಕೆ, ಜಯನಗರ, ಬಿ.ಟಿ.ಎಂ. ಕಡೆಯಿಂದ ಇಳಿದದ್ದು ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿಗೆ, ಅಂದರೆ ಬೇರೆಯೇ ಕಣಿವೆಗೆ. ಕಾವೇರಿ ವ್ಯಾಜ್ಯದಲ್ಲಿ ಇದೇ ದೊಡ್ಡ ತಕರಾರಾಗಿ, ಕೊನೆಗೆ 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದೇ 4.75 ಟಿ.ಎಂ.ಸಿ. ಹೆಚ್ಚುವರಿ ಕೊಟ್ಟಿತು. ಅದೇ ವರ್ಷ ಶುರುವಾದ ಕೆ.ಸಿ. ವ್ಯಾಲಿ ಯೋಜನೆ, ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲು ಹೊರಟಿತು. ಸಂಸ್ಕರಣೆ ಎರಡನೇ ಹಂತಕ್ಕೇ ನಿಂತಿತೆಂಬ ಆಕ್ಷೇಪ ಅದರ ಬೆನ್ನಿಗಿದೆ. ಆದರೂ ಗಾತ್ರ ನೋಡಿ: ಇಡೀ ಊರಿನ ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಹಾಕಿಸಿ ನೀರು ಉಳಿಸಲು ಹೊರಟವರ ಕನಸಿಗೆ ಹತ್ತಿರದ ಸಂಖ್ಯೆ ಇದು.

ಇನ್ನು ಸೋರಿಕೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಒಂದು ಬಕೆಟ್, ವರ್ಷಕ್ಕೆ ಏಳೆಂಟು ಸಾವಿರ ಲೀಟರ್ ಕಳೆಯುತ್ತದೆ. ಕೆಲವೇ ರೂಪಾಯಿಯ ವಾಷರ್ ಹಾಕಿಸಿದರೆ ಒಂದು ಟ್ಯಾಂಕರಿಗಿಂತ ಹೆಚ್ಚು ನೀರು ಉಳಿಯುತ್ತದೆ. ರಸ್ತೆಯಡಿಯ ಕೊಳವೆಗಳಲ್ಲೂ ಅದೇ ನಡೆಯುತ್ತಿದೆ. ಜಲಮಂಡಲಿಯ ಭಾಷೆಯಲ್ಲಿ ಅದು ‘ಲೆಕ್ಕಕ್ಕೆ ಸಿಗದ ನೀರು’. ಒಟ್ಟು ಪೂರೈಕೆಯ ಕಾಲು ಭಾಗ ಎಂದು ಉದಾರವಾಗಿ ಹಿಡಿದರೂ ದಿನಕ್ಕೆ 55 ಕೋಟಿ ಲೀಟರ್. ಅರ್ಧ ಕಿಲೋಮೀಟರ್ ಎತ್ತಿ, ಹನ್ನೊಂದು ಲಕ್ಷ ಯೂನಿಟ್ ಸುಟ್ಟು, ಎಲ್ಲೋ ಕಳೆದುಕೊಂಡದ್ದು.

ಈ ಎಲ್ಲ ಅಂಕಿಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಕೊಳ್ಳಲು ಸಿಗುವ ಹಸಿರು ಪರಿಹಾರಗಳು ಬಹುಪಾಲು ಹಗುರ. ಬಿದಿರಿನ ಬ್ರಶ್ಶು, ಸ್ಟೀಲ್ ಸ್ಟ್ರಾ, ಹತ್ತಿಯ ಚೀಲ ಇವುಗಳಿಂದ ಕೆಡುಕಿಲ್ಲ. ಮನಸ್ಸು ಅಲ್ಲಿಗೇ ತೃಪ್ತಿಪಟ್ಟರೆ ಕೆಡುಕು. ಭಾರವಾದವು ಅಂಗಡಿಯಲ್ಲಿ ಸಿಗುವುದಿಲ್ಲ: ರಸ್ತೆಯಡಿಯ ಕೊಳವೆ, ಸಂಸ್ಕರಣಾ ಘಟಕ, ಹಳದಿ ಮಾರ್ಗಕ್ಕೆ ಇನ್ನಷ್ಟು ರೈಲು, ಬಡಾವಣೆಗೆಲ್ಲ ಇಂಗುಬಾವಿ. ಸೋಲಾರ್ ಕೂಡ ತಾರಸಿಗಳ ತುಂಬ ಹರಡಿದ್ದು ಒಬ್ಬೊಬ್ಬರ ಪುಣ್ಯದಿಂದಲ್ಲ, ಎಲ್ಲರಿಗೂ ಅನ್ವಯಿಸಿದ ಒಂದು ನಿಯಮದಿಂದ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಉಳಿದದ್ದೂ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ, ಪಾಲಿಕೆಯ ಬೆನ್ನುಬಿಡದೆ ಕೆಲಸ ಮಾಡಿಸಿದ್ದರಿಂದ.

ಬೆನ್ನುಬೀಳಲು ಎದುರಿಗೆ ಒಬ್ಬರು ಇರಬೇಕಲ್ಲ? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಈ ಊರಿಗೆ ವರ್ಷಗಟ್ಟಲೆ ಚುನಾಯಿತ ಕಾರ್ಪೊರೇಟರುಗಳೇ ಇರಲಿಲ್ಲ. ಅದೇ ಕಾಲದಲ್ಲಿ ಚೀಲದ ಬಗ್ಗೆ ನಾವು ಆಡಿದ ಮಾತಿಗೆ ಮಿತಿಯಿರಲಿಲ್ಲ. ಚೀಲ ಒಯ್ಯಿರಿ, ಒಂದನ್ನೇ ಹರಿಯುವವರೆಗೂ ಒಯ್ಯಿರಿ. ಆದರೆ ಮುಂದಿನ ವಾರ್ಡ್ ಸಭೆಗೆ ಹೋದಾಗ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಬೀದಿಯ ಕೊಳವೆಗೆ ಬಿಟ್ಟದ್ದೆಷ್ಟು ಲೀಟರ್, ನಮ್ಮ ಮೀಟರುಗಳಲ್ಲಿ ದಾಖಲಾದದ್ದೆಷ್ಟು? ಉತ್ತರ ಅಂಕಿಯಲ್ಲೇ ಬರಬೇಕು.